ತಾರೆಯ ಬೆಲೆ: ಕನ್ನಡ ಚಿತ್ರೋದ್ಯಮದಲ್ಲಿ ನಾಯಕನಟನ ಸ್ಥಾನ ಮತ್ತು ವಹಿವಾಟು

ಕನ್ನಡ ಚಿತ್ರವೊಂದು ಸೆಟ್ಟೇರುವ ಮುನ್ನ ಹಣ ಹೂಡುವವರು, ಹಂಚಿಕೆದಾರರು, ಚಿತ್ರಮಂದಿರದ ಮಾಲೀಕರು ಹಾಗೂ ಟಿ.ವಿ. ವಾಹಿನಿಯವರು ಕೇಳುವ ಮೊದಲ ಪ್ರಶ್ನೆ ಒಂದೇ: ನಾಯಕ ಯಾರು? ಕಥೆ, ನಿರ್ದೇಶಕ, ಸಂಗೀತ ಎಲ್ಲವೂ ಆನಂತರದ ಮಾತು. ಗಾಂಧಿನಗರದ ಈ ಪ್ರಶ್ನೆಗೆ ಏಳು ದಶಕಗಳ ಇತಿಹಾಸವಿದೆ. ಚಿತ್ರದ ಬಂಡವಾಳದಲ್ಲಿ ನಾಯಕನ ಸಂಭಾವನೆಯೇ ದೊಡ್ಡ ಪಾಲನ್ನು ನುಂಗುವುದು, ತಾರೆಯ ಚಿತ್ರವಿಲ್ಲದ ತಿಂಗಳುಗಳಲ್ಲಿ ಚಿತ್ರಮಂದಿರಗಳು ಬಿಕೋ ಎನ್ನುವುದು, ತಾರೆಯಿದ್ದೂ ಚಿತ್ರ ಮಕಾಡೆ ಮಲಗುವುದು, ತಾರೆಯೇ ಇಲ್ಲದ ಚಿತ್ರ ನೂರು ಕೋಟಿ ಗಳಿಸುವುದು, ಇವೆಲ್ಲವೂ ಈ ಉದ್ಯಮದಲ್ಲಿ ಏಕಕಾಲಕ್ಕೆ ನಡೆಯುತ್ತಿವೆ. ಹಾಗಿದ್ದರೆ ತಾರೆಯ ನಿಜವಾದ ವಾಣಿಜ್ಯ ಮೌಲ್ಯವೆಷ್ಟು? ಅದನ್ನು ಯಾರು ತೆರುತ್ತಾರೆ? ಯಾರಿಗೆ ದಕ್ಕುತ್ತದೆ? ಈ ಪ್ರಶ್ನೆಗಳ ಹಿನ್ನೆಲೆ ಇಲ್ಲಿದೆ.

ತಾರಾಪದ್ಧತಿಯ ಹುಟ್ಟು

ಚಲನಚಿತ್ರ ಹುಟ್ಟಿದ ಆರಂಭದ ವರ್ಷಗಳಲ್ಲಿ ನಟನಟಿಯರ ಹೆಸರು ತೆರೆಯ ಮೇಲೆ ಬರುತ್ತಿರಲಿಲ್ಲ. ಹೆಸರು ಪ್ರಚಾರವಾದರೆ ಸಂಬಳ ಹೆಚ್ಚು ಕೇಳುತ್ತಾರೆಂಬ ಆತಂಕ ಅಮೆರಿಕದ ನಿರ್ಮಾಣ ಸಂಸ್ಥೆಗಳಿಗಿತ್ತು. 1910ರಲ್ಲಿ ಕಾರ್ಲ್ ಲೆಮ್ಲೆ ಎಂಬ ನಿರ್ಮಾಪಕ ಫ್ಲಾರೆನ್ಸ್ ಲಾರೆನ್ಸ್ ಎಂಬ ನಟಿಯನ್ನು ತನ್ನ ಸಂಸ್ಥೆಗೆ ಸೆಳೆದುಕೊಂಡು, ಆಕೆಯ ಹೆಸರನ್ನೇ ಮುಂದಿಟ್ಟು ಪ್ರಚಾರ ನಡೆಸಿದ. ಸಂಸ್ಥೆಗಳ ಆತಂಕ ಸುಳ್ಳಾಗಲಿಲ್ಲ. 1919ರ ಹೊತ್ತಿಗೆ ಚಾರ್ಲಿ ಚಾಪ್ಲಿನ್, ಮೇರಿ ಪಿಕ್‌ಫೋರ್ಡ್, ಡಗ್ಲಾಸ್ ಫೇರ್‌ಬ್ಯಾಂಕ್ಸ್ ಅವರು ನಿರ್ದೇಶಕ ಡಿ.ಡಬ್ಲ್ಯು. ಗ್ರಿಫಿತ್ ಜತೆಗೂಡಿ ಯುನೈಟೆಡ್ ಆರ್ಟಿಸ್ಟ್ಸ್ ಎಂಬ ತಮ್ಮದೇ ಸಂಸ್ಥೆಯನ್ನು ಕಟ್ಟಿದರು. 1950ರ 'ವಿಂಚೆಸ್ಟರ್ 73' ಚಿತ್ರಕ್ಕೆ ಜೇಮ್ಸ್ ಸ್ಟೀವರ್ಟ್ ಸಂಬಳದ ಬದಲು ಲಾಭದಲ್ಲಿ ಪಾಲು ಪಡೆಯುವ ಒಪ್ಪಂದ ಮಾಡಿಕೊಂಡರು. ಇಂದು ಭಾರತದ ದೊಡ್ಡ ನಟರು ಕೇಳುವ ಲಾಭದ ಪಾಲಿಗೆ ಇಂತಹ ಒಪ್ಪಂದಗಳೇ ಪೂರ್ವನಿದರ್ಶನ.

ಕನ್ನಡದ ಹಾದಿ ಬೇರೆ. ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ' 1934ರಲ್ಲಿ ತೆರೆಕಂಡಾಗ ಅದರಲ್ಲಿ ನಟಿಸಿದ ಸುಬ್ಬಯ್ಯನಾಯ್ಡು, ಆರ್. ನಾಗೇಂದ್ರರಾಯರು, ತ್ರಿಪುರಾಂಬ ಮೊದಲಾದವರು ಬಂದದ್ದು ವೃತ್ತಿರಂಗಭೂಮಿಯಿಂದ. ನಾಟಕ ಕಂಪನಿಗಳ ಕರಪತ್ರಗಳಲ್ಲಿ ಕಲಾವಿದರ ಹೆಸರಿಗೆ ಆಗಲೇ ಬೆಲೆಯಿತ್ತು. ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಪಳಗಿದ ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಮುಂದೆ ಚಿತ್ರರಂಗದ ಆಧಾರಸ್ತಂಭಗಳಾದರು. ಅಂದರೆ ಕನ್ನಡದಲ್ಲಿ ತಾರೆಯನ್ನು ಸೃಷ್ಟಿಸಿದ್ದು ಸ್ಟುಡಿಯೋ ಅಲ್ಲ, ಊರೂರು ಸುತ್ತಿದ ನಾಟಕ ಕಂಪನಿಯ ಪರಂಪರೆ.

ರಾಜ್‌ಕುಮಾರ್ ಎಂಬ ಮಾರುಕಟ್ಟೆ

1954ರಲ್ಲಿ ಎಚ್.ಎಲ್.ಎನ್. ಸಿಂಹ ನಿರ್ದೇಶನದ 'ಬೇಡರ ಕಣ್ಣಪ್ಪ' ಚಿತ್ರದ ಮೂಲಕ ಗಾಜನೂರಿನ ಮುತ್ತುರಾಜ್ ರಾಜ್‌ಕುಮಾರ್ ಆದರು. ಆ ಕಾಲಕ್ಕೆ ಕನ್ನಡ ಚಿತ್ರಗಳು ತಯಾರಾಗುತ್ತಿದ್ದುದು ಬಹುಪಾಲು ಮದರಾಸಿನ ಸ್ಟುಡಿಯೋಗಳಲ್ಲಿ. ತಮಿಳು, ತೆಲುಗು, ಹಿಂದಿ ಚಿತ್ರಗಳ ನಡುವೆ ಕನ್ನಡ ಚಿತ್ರಕ್ಕೆ ಬೆಂಗಳೂರಿನಲ್ಲಿಯೇ ಚಿತ್ರಮಂದಿರ ಸಿಗುವುದು ಕಷ್ಟವಾಗಿತ್ತು. ಕೆಲಸವಿಲ್ಲದೆ ಕಲಾವಿದರು ಪರದಾಡುತ್ತಿದ್ದ ಹೊತ್ತಿನಲ್ಲಿ ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಸೇರಿ 1960ರಲ್ಲಿ 'ರಣಧೀರ ಕಂಠೀರವ' ಚಿತ್ರವನ್ನು ತಾವೇ ನಿರ್ಮಿಸಿದರು. ನಟನೊಬ್ಬನ ಜನಪ್ರಿಯತೆ ಇಡೀ ಉದ್ಯಮದ ಅನ್ನದ ಪ್ರಶ್ನೆಯೂ ಆಗಬಲ್ಲದು ಎಂಬುದಕ್ಕೆ ಈ ಚಿತ್ರ ಆರಂಭದ ಸಾಕ್ಷಿ.

ಅರವತ್ತರ ದಶಕದ ಕೆಲವು ವರ್ಷಗಳಲ್ಲಿ ರಾಜ್‌ಕುಮಾರ್ ನಟನೆಯ ಹತ್ತಕ್ಕೂ ಹೆಚ್ಚು ಚಿತ್ರಗಳು ತೆರೆಕಂಡದ್ದುಂಟು. 1972ರಲ್ಲಿ ಬಿಡುಗಡೆಯಾದ ಸಿದ್ದಲಿಂಗಯ್ಯ ನಿರ್ದೇಶನದ 'ಬಂಗಾರದ ಮನುಷ್ಯ' ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ನಗರದ ಕೆಲಸ ಬಿಟ್ಟು ಹಳ್ಳಿಗೆ ಮರಳಿ ಬೇಸಾಯ ಮಾಡಿದವರ ಕಥೆಗಳು ಈ ಚಿತ್ರದ ಹೆಸರಿನೊಂದಿಗೆ ಇಂದಿಗೂ ಸೇರಿಕೊಂಡಿವೆ. ತೆರೆಯ ಮೇಲೆ ಕುಡಿತ, ಧೂಮಪಾನಗಳಿಂದ ಬಹುಮಟ್ಟಿಗೆ ದೂರವಿದ್ದು, ಪೌರಾಣಿಕ, ಐತಿಹಾಸಿಕ, ಸಾಮಾಜಿಕ ಪಾತ್ರಗಳಲ್ಲಿ ಒಂದೇ ಘನತೆಯನ್ನು ಕಾಯ್ದುಕೊಂಡದ್ದು ಅವರ ಮಾರುಕಟ್ಟೆಯ ಅಡಿಗಲ್ಲಾಗಿತ್ತು. ಕುಟುಂಬ ಸಮೇತ ನಿಶ್ಚಿಂತೆಯಿಂದ ನೋಡಬಹುದು ಎಂಬ ಭರವಸೆಯೇ ಆ ಹೆಸರಿನ ಬೆಲೆ.

ಈ ಬೆಲೆಯನ್ನು ವ್ಯವಸ್ಥಿತ ವ್ಯಾಪಾರವಾಗಿ ರೂಪಿಸಿದವರು ಪಾರ್ವತಮ್ಮ ರಾಜ್‌ಕುಮಾರ್. 1975ರ 'ತ್ರಿಮೂರ್ತಿ'ಯಿಂದ ಆರಂಭಗೊಂಡ ಅವರ ನಿರ್ಮಾಣದ ಕೆಲಸ ಮುಂದೆ ಹಂಚಿಕೆಗೂ ವಿಸ್ತರಿಸಿತು. ಕಾದಂಬರಿಗಳನ್ನು ಓದಿ ಕಥೆ ಆರಿಸುವುದು, ಹೊಸ ನಾಯಕಿಯರನ್ನು ಪರಿಚಯಿಸುವುದು, ನಟನ ದಿನಗಳನ್ನು ಲೆಕ್ಕ ಹಾಕಿ ಹಂಚುವುದು ಎಲ್ಲವೂ ಒಂದೇ ಸೂರಿನಡಿ ನಡೆಯಿತು. ತಾರೆಯ ಗಳಿಕೆ ಹೊರಗಿನ ಹಣಕಾಸುದಾರನಿಗೆ ಹರಿದುಹೋಗದೆ ಮುಂದಿನ ಚಿತ್ರಕ್ಕೆ ಬಂಡವಾಳವಾಗುವ ಕ್ರಮವನ್ನು ಈ ಸಂಸ್ಥೆ ತೋರಿಸಿಕೊಟ್ಟಿತು.

ಹೆಸರು ಹಣವಾಗುವ ಬಗೆ

ತಾರೆಯ ಹೆಸರು ಹಣವಾಗಿ ಮಾರ್ಪಡುವುದು ಹಂಚಿಕೆಯ ಹಂತದಲ್ಲಿ. ವ್ಯಾಪಾರದ ಅನುಕೂಲಕ್ಕಾಗಿ ಕರ್ನಾಟಕವನ್ನು ಹಲವು ಪ್ರದೇಶಗಳಾಗಿ ವಿಂಗಡಿಸುವ ರೂಢಿಯಿದೆ. ಬೆಂಗಳೂರು, ಕೋಲಾರ, ತುಮಕೂರು ಸೇರಿದ ಬಿ.ಕೆ.ಟಿ.; ಮೈಸೂರು, ಮಂಡ್ಯ, ಕೊಡಗು, ಹಾಸನ ಸೇರಿದ ಎಂ.ಎಂ.ಸಿ.ಎಚ್.; ಚಿತ್ರದುರ್ಗ-ದಾವಣಗೆರೆ; ಶಿವಮೊಗ್ಗ; ಮುಂಬೈ ಕರ್ನಾಟಕ; ಹೈದರಾಬಾದ್ ಕರ್ನಾಟಕ ಎಂಬ ಹಳೆಯ ಹೆಸರುಗಳು ವ್ಯಾಪಾರದ ಮಾತಿನಲ್ಲಿ ಉಳಿದುಕೊಂಡಿವೆ. ಪ್ರತಿಯೊಬ್ಬ ನಾಯಕನಿಗೂ ಬಲವಾದ ಪ್ರದೇಶ, ದುರ್ಬಲ ಪ್ರದೇಶ ಎಂಬುದಿರುತ್ತದೆ.

ಹಂಚಿಕೆಯಲ್ಲಿ ಮುಖ್ಯವಾಗಿ ಮೂರು ಪದ್ಧತಿಗಳಿವೆ. ಮೊದಲನೆಯದು, ಹಂಚಿಕೆದಾರ ಒಂದು ಮೊತ್ತ ಕೊಟ್ಟು ಆ ಪ್ರದೇಶದ ಹಕ್ಕನ್ನು ಪೂರ್ತಿಯಾಗಿ ಕೊಳ್ಳುವುದು. ಎರಡನೆಯದು 'ಮಿನಿಮಮ್ ಗ್ಯಾರಂಟಿ', ಅಂದರೆ ಕನಿಷ್ಠ ಮೊತ್ತದ ಖಾತರಿ ನೀಡಿ, ಅದಕ್ಕಿಂತ ಹೆಚ್ಚು ಗಳಿಕೆಯಾದರೆ ನಿರ್ಮಾಪಕನೊಂದಿಗೆ ಹಂಚಿಕೊಳ್ಳುವುದು. ಮೂರನೆಯದು, ಮುಂಗಡ ಕೊಟ್ಟು ಕಮಿಷನ್ ಆಧಾರದ ಮೇಲೆ ಬಿಡುಗಡೆ ಮಾಡುವುದು. ಮೊದಲ ಎರಡು ಪದ್ಧತಿಗಳು ಸಾಧ್ಯವಾಗುವುದು ತಾರೆಯಿದ್ದಾಗ ಮಾತ್ರ. ಹೊಸಬರ ಚಿತ್ರಕ್ಕೆ ಮುಂಗಡವೂ ಹುಟ್ಟುವುದಿಲ್ಲ. ಹಲವು ಬಾರಿ ನಿರ್ಮಾಪಕನೇ ಚಿತ್ರಮಂದಿರದ ಬಾಡಿಗೆ ಕಟ್ಟಿ ಬಿಡುಗಡೆ ಮಾಡಬೇಕಾಗುತ್ತದೆ.

ಏಕಪರದೆ ಚಿತ್ರಮಂದಿರಗಳಲ್ಲಿ ವಾರದ ಬಾಡಿಗೆ ಪದ್ಧತಿ ದೀರ್ಘಕಾಲದಿಂದ ಬೇರೂರಿದೆ. ಪ್ರೇಕ್ಷಕ ಬರಲಿ, ಬಿಡಲಿ, ಬಾಡಿಗೆ ತೆರಲೇಬೇಕು. ಶೇಕಡಾವಾರು ಪದ್ಧತಿ ಬರಬೇಕೆಂದು ನಿರ್ಮಾಪಕರು ಹಲವು ಬಾರಿ ಪಟ್ಟು ಹಿಡಿದದ್ದು ಇದೇ ಕಾರಣಕ್ಕೆ. ಮಲ್ಟಿಪ್ಲೆಕ್ಸ್‌ಗಳಲ್ಲಿ ಶೇಕಡಾವಾರು ಹಂಚಿಕೆಯಿದ್ದು, ಮೊದಲ ವಾರ ಸುಮಾರು ಅರ್ಧ ಪಾಲು ಚಿತ್ರದವರಿಗೆ ಸಿಕ್ಕರೆ ನಂತರದ ವಾರಗಳಲ್ಲಿ ಅದು ಇಳಿಯುತ್ತಾ ಹೋಗುತ್ತದೆ. ಹೀಗಾಗಿ ಮೊದಲ ಮೂರು ದಿನಗಳಲ್ಲಿ ಜನರನ್ನು ಸೆಳೆಯುವ ಶಕ್ತಿಗೆ ವಿಪರೀತ ಬೆಲೆ ಬಂದಿದೆ. ಗಾಂಧಿನಗರ 'ಓಪನಿಂಗ್' ಎಂದು ಕರೆಯುವ ಆ ಶಕ್ತಿಯನ್ನು ಖಚಿತವಾಗಿ ತರಬಲ್ಲವನೇ ವ್ಯಾಪಾರದ ದೃಷ್ಟಿಯಲ್ಲಿ ತಾರೆ.

ಹತ್ತು ಕೋಟಿಗೆ ಎಷ್ಟು ಮಂದಿ?

ಸಂಭಾವನೆಯ ಭಾರವನ್ನು ಅರಿಯಲು ಒಂದು ಊಹೆಯ ಲೆಕ್ಕ ನೋಡಬಹುದು. ಟಿಕೆಟ್ ದರ 200 ರೂ. ಎಂದಿಟ್ಟುಕೊಳ್ಳೋಣ. ನೂರು ರೂಪಾಯಿಗಿಂತ ಹೆಚ್ಚಿನ ಟಿಕೆಟ್ಟಿಗೆ ಶೇ. 18ರಷ್ಟು ಜಿಎಸ್‌ಟಿ ಇರುವುದರಿಂದ ತೆರಿಗೆ ಕಳೆದು ಉಳಿಯುವುದು ಸುಮಾರು 169 ರೂ. ಅದರಲ್ಲಿ ಅರ್ಧ ಚಿತ್ರಮಂದಿರಕ್ಕೆ ಹೋದರೆ 85 ರೂ. ಉಳಿಯಿತು. ಹಂಚಿಕೆದಾರ ಶೇ. 10ರ ಕಮಿಷನ್ ಹಿಡಿದುಕೊಂಡರೆ ನಿರ್ಮಾಪಕನ ಕೈಗೆ ಬರುವುದು ಸುಮಾರು 76 ರೂ. ನಾಯಕನ ಸಂಭಾವನೆ ಹತ್ತು ಕೋಟಿಯಾದರೆ, ಕೇವಲ ಅದನ್ನು ಹಿಂಪಡೆಯಲು ಹದಿಮೂರು ಲಕ್ಷ ಮಂದಿ ಟಿಕೆಟ್ ಕೊಂಡು ಚಿತ್ರ ನೋಡಬೇಕು. ಉಳಿದ ಕಲಾವಿದರ ಸಂಭಾವನೆ, ತಂತ್ರಜ್ಞರ ವೇತನ, ಚಿತ್ರೀಕರಣ, ಪ್ರಚಾರ, ಸಾಲದ ಮೇಲಿನ ಬಡ್ಡಿ ಇವೆಲ್ಲ ಇದರಾಚೆಗಿನ ಖರ್ಚು.

ಗಲ್ಲಾಪೆಟ್ಟಿಗೆಯೊಂದನ್ನೇ ನಂಬಿದರೆ ಈ ಲೆಕ್ಕ ಕೂಡುವುದಿಲ್ಲ. ಆದ್ದರಿಂದಲೇ ಬಿಡುಗಡೆಗೆ ಮುನ್ನ ಮಾರಾಟವಾಗುವ ಹಕ್ಕುಗಳು ಮುಖ್ಯವಾದವು. ಆಡಿಯೋ ಹಕ್ಕು, ವಾಹಿನಿಗೆ ಮಾರುವ ಸ್ಯಾಟಲೈಟ್ ಹಕ್ಕು, ಒಟಿಟಿ ವೇದಿಕೆಗಳ ಡಿಜಿಟಲ್ ಹಕ್ಕು, ಹಿಂದಿ ಸೇರಿದಂತೆ ಇತರ ಭಾಷೆಗಳ ಡಬ್ಬಿಂಗ್ ಹಕ್ಕು ಹೀಗೆ ನಾಲ್ಕಾರು ಬಾಗಿಲುಗಳಿಂದ ಹಣ ಬರುತ್ತದೆ. ಈ ಎಲ್ಲ ಬಾಗಿಲುಗಳ ಬೀಗದ ಕೈ ನಾಯಕನ ಹೆಸರೇ. ಚಿತ್ರ ಇನ್ನೂ ಸಿದ್ಧವಾಗಿಲ್ಲದಿರುವಾಗ ಕೊಳ್ಳುವವನಿಗೆ ನೋಡಲು ಸಿಗುವುದು ಹೆಸರು ಮಾತ್ರ.

ಕೊರೊನಾ ಕಾಲದಲ್ಲಿ ಏರಿದ್ದ ಡಿಜಿಟಲ್ ಹಕ್ಕುಗಳ ಬೇಡಿಕೆ ಆನಂತರ ತಗ್ಗಿತು. ಕನ್ನಡ ಚಿತ್ರಗಳನ್ನು ಒಟಿಟಿ ಸಂಸ್ಥೆಗಳು ಕೊಳ್ಳುತ್ತಿಲ್ಲವೆಂಬ ದೂರು 2023-24ರಲ್ಲಿ ವ್ಯಾಪಕವಾಗಿ ಕೇಳಿಬಂತು. ನಟ-ನಿರ್ಮಾಪಕ ರಕ್ಷಿತ್ ಶೆಟ್ಟಿ ಅವರ ಸಂಸ್ಥೆ 'ಏಕಂ' ಸರಣಿಯನ್ನು 2024ರಲ್ಲಿ ಸ್ವಂತ ಜಾಲತಾಣದ ಮೂಲಕ ಬಿಡುಗಡೆ ಮಾಡಬೇಕಾಯಿತು. ಹಕ್ಕುಗಳ ಆದಾಯ ಇಳಿದರೂ ಅದರ ಆಧಾರದ ಮೇಲೆ ಏರಿದ್ದ ಸಂಭಾವನೆ ಅದೇ ವೇಗದಲ್ಲಿ ಇಳಿಯುವುದಿಲ್ಲ. ಈ ಅಂತರವನ್ನು ತುಂಬುವ ಹೊಣೆ ನಿರ್ಮಾಪಕನದು.

ಅಭಿಮಾನಿ ಎಂಬ ಬಂಡವಾಳ

ತಾರೆಯ ಮೌಲ್ಯಕ್ಕೆ ಅಡಿಪಾಯ ಅಭಿಮಾನಿಗಳು. ರಾಜ್‌ಕುಮಾರ್ ಅವರನ್ನು 'ಅಭಿಮಾನಿ ದೇವರು' ಎಂದು ಕರೆದದ್ದು ನಾಡಿಗೇ ಗೊತ್ತಿರುವ ಸಂಗತಿ. ಬಿಡುಗಡೆಯ ದಿನ ಕಟೌಟ್ ನಿಲ್ಲಿಸುವುದು, ಹೂವಿನ ಹಾರ, ಕ್ಷೀರಾಭಿಷೇಕ, ಬೆಳಗಿನ ಜಾವದ ವಿಶೇಷ ಪ್ರದರ್ಶನ, ಹಿಂದಿನ ಕಾಲದ ನೂರು ದಿನದ ಸಮಾರಂಭ ಇವೆಲ್ಲವೂ ಅಭಿಮಾನಿ ಸಂಘಗಳ ಕೊಡುಗೆ. ವ್ಯಾಪಾರದ ಕಣ್ಣಿನಿಂದ ನೋಡಿದರೆ ಇದು ನಿರ್ಮಾಪಕ ಹಣ ತೆರದ ಪ್ರಚಾರ. ಇದೇ ಸಂಘಗಳು ರಕ್ತದಾನ, ಅನ್ನದಾನ ಶಿಬಿರಗಳನ್ನೂ ನಡೆಸುತ್ತವೆ. ಪರಸ್ಪರ ಕೆಸರೆರಚಾಟದಲ್ಲಿಯೂ ತೊಡಗುತ್ತವೆ.

ಅಭಿಮಾನದ ವ್ಯಾಪ್ತಿ ಚಿತ್ರಮಂದಿರದಾಚೆಗೂ ಹರಡಿದೆ. 1982ರ ಗೋಕಾಕ್ ಚಳವಳಿಗೆ ರಾಜ್‌ಕುಮಾರ್ ಧುಮುಕಿದ ನಂತರ ಅದು ಜನಾಂದೋಲನವಾಯಿತು. ಅರವತ್ತರ ದಶಕದಿಂದ ಕನ್ನಡದಲ್ಲಿ ಡಬ್ಬಿಂಗ್ ಚಿತ್ರಗಳಿಗೆ ಇದ್ದ ಅಘೋಷಿತ ನಿಷೇಧದ ಬೆನ್ನಿಗೂ ತಾರೆಯರ ಬಲವಿತ್ತು. ಸ್ಪರ್ಧೆಗೆ ಅಡ್ಡಿಪಡಿಸಿದ ಕಾರಣಕ್ಕೆ ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿ ಸೇರಿದಂತೆ ಸಂಘಟನೆಗಳಿಗೆ ದಂಡ ವಿಧಿಸಿತು. ಆ ಬಳಿಕ ಡಬ್ಬಿಂಗ್‌ಗೆ ದಾರಿ ತೆರೆಯಿತು. ಕನ್ನಡ ತಾರೆಯರಿಗೆ ಸಿಕ್ಕಿದ್ದ ರಕ್ಷಿತ ಮಾರುಕಟ್ಟೆಯ ಗೋಡೆ ಹೀಗೆ ಕುಸಿಯಿತು.

ಜಾಹೀರಾತು ತಾರೆಯ ಮತ್ತೊಂದು ಆದಾಯ. ಇಲ್ಲಿಯೂ ಕನ್ನಡದಲ್ಲೊಂದು ವಿಶಿಷ್ಟ ಉದಾಹರಣೆಯಿದೆ. ರಾಜ್‌ಕುಮಾರ್ ಹಾಗೂ ಅವರ ಪುತ್ರ ಪುನೀತ್ ಇಬ್ಬರೂ ಹಾಲು ಉತ್ಪಾದಕರ ಸಹಕಾರಿ ಸಂಸ್ಥೆಯ 'ನಂದಿನಿ' ಪ್ರಚಾರಕ್ಕೆ ಸಂಭಾವನೆ ಪಡೆಯಲಿಲ್ಲ. ಕಿರುತೆರೆಯೂ ತಾರೆಯ ಹೆಸರನ್ನು ಬಳಸಿಕೊಂಡಿದೆ. ಪುನೀತ್ 2012ರಲ್ಲಿ 'ಕನ್ನಡದ ಕೋಟ್ಯಧಿಪತಿ' ನಡೆಸಿಕೊಟ್ಟರು. 2013ರಲ್ಲಿ ಆರಂಭವಾದ ಕನ್ನಡದ 'ಬಿಗ್ ಬಾಸ್' ಕಾರ್ಯಕ್ರಮದ ಮುಖವಾಗಿ ಸುದೀಪ್ ಮನೆಮಾತಾದರು.

ಒಬ್ಬನ ಮೇಲೆ ನಿಂತ ಸೌಧ

ಒಬ್ಬ ವ್ಯಕ್ತಿಯ ಮೇಲೆ ನಿಂತ ವ್ಯಾಪಾರಕ್ಕೆ ಅದರದೇ ಅಪಾಯಗಳಿವೆ. ರವಿಚಂದ್ರನ್ ಅವರ 'ಪ್ರೇಮಲೋಕ' 1987ರಲ್ಲಿ ಹಂಸಲೇಖ ಅವರ ಗೀತೆಗಳೊಂದಿಗೆ ಹೊಸ ಯುಗವನ್ನೇ ತೆರೆಯಿತು. ಅದೇ ರವಿಚಂದ್ರನ್ 1991ರಲ್ಲಿ ನಾಲ್ಕು ಭಾಷೆಗಳಲ್ಲಿ ತಯಾರಿಸಿದ 'ಶಾಂತಿ ಕ್ರಾಂತಿ'ಗೆ ತಮಿಳು, ಹಿಂದಿಯಲ್ಲಿ ರಜನಿಕಾಂತ್, ತೆಲುಗಿನಲ್ಲಿ ನಾಗಾರ್ಜುನ ನಾಯಕರಾದರು. ಮೂವರು ದೊಡ್ಡ ತಾರೆಯರಿದ್ದೂ ಚಿತ್ರ ಭಾರೀ ನಷ್ಟ ಅನುಭವಿಸಿತು. ಅದೇ ವರ್ಷ ತೆರೆಕಂಡ, ಅಷ್ಟೇನೂ ಆಡಂಬರವಿಲ್ಲದ 'ರಾಮಾಚಾರಿ' ಜನಮನ ಗೆದ್ದಿತು.

2000ದ ಜುಲೈ 30ರಂದು ವೀರಪ್ಪನ್ ರಾಜ್‌ಕುಮಾರ್ ಅವರನ್ನು ಅಪಹರಿಸಿದಾಗ ಚಿತ್ರರಂಗದ ಚಟುವಟಿಕೆಗಳು ಬಹುಮಟ್ಟಿಗೆ ಸ್ತಬ್ಧಗೊಂಡವು. ಅವರು ಬಿಡುಗಡೆಯಾದದ್ದು 108 ದಿನಗಳ ನಂತರ. ಅದಕ್ಕೂ ಹತ್ತು ವರ್ಷ ಮೊದಲು, 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಅಪಘಾತದಲ್ಲಿ ಶಂಕರ್‌ನಾಗ್ ಅಸುನೀಗಿದಾಗ ನಟ, ನಿರ್ದೇಶಕ, ಸಂಘಟಕ ಮೂವರನ್ನೂ ಉದ್ಯಮ ಒಮ್ಮೆಲೇ ಕಳೆದುಕೊಂಡಿತ್ತು.

2021ರ ಅಕ್ಟೋಬರ್ 29ರಂದು 46ರ ಹರೆಯದಲ್ಲಿ ಪುನೀತ್ ರಾಜ್‌ಕುಮಾರ್ ನಿಧನರಾದಾಗ 'ಜೇಮ್ಸ್' ಚಿತ್ರದ ಕೆಲಸ ಮುಗಿದಿರಲಿಲ್ಲ. ಅವರ ಪಾತ್ರಕ್ಕೆ ಅಣ್ಣ ಶಿವರಾಜ್‌ಕುಮಾರ್ ಧ್ವನಿ ನೀಡಿದರು. 2022ರ ಮಾರ್ಚ್ 17ರಂದು, ಪುನೀತ್ ಹುಟ್ಟುಹಬ್ಬದಂದೇ ಚಿತ್ರ ತೆರೆಕಂಡಿತು. ಆ ವಾರ ಬೇರೆ ಕನ್ನಡ ಚಿತ್ರಗಳು ದಾರಿ ಬಿಟ್ಟುಕೊಟ್ಟವು. ನಂತರ ತಂತ್ರಜ್ಞಾನದ ನೆರವಿನಿಂದ ಪುನೀತ್ ಅವರದೇ ಧ್ವನಿಯನ್ನು ಅಳವಡಿಸಿ ಚಿತ್ರವನ್ನು ಮತ್ತೆ ತೋರಿಸಲಾಯಿತು. 2002ರ 'ಅಪ್ಪು' 2025ರ ಮಾರ್ಚ್‌ನಲ್ಲಿ ಮರುಬಿಡುಗಡೆಯಾದಾಗಲೂ ಚಿತ್ರಮಂದಿರಗಳ ಮುಂದೆ ಜನಜಾತ್ರೆ ನೆರೆಯಿತು. ಶಿವರಾಜ್‌ಕುಮಾರ್ ನಾಯಕತ್ವದ, ಉಪೇಂದ್ರ ನಿರ್ದೇಶನದ 'ಓಂ' 1995ರಲ್ಲಿ ತೆರೆಕಂಡ ಬಳಿಕ ನೂರಾರು ಬಾರಿ ಮರುಬಿಡುಗಡೆಯಾದದ್ದು ಇದೇ ಬಗೆಯ ಮತ್ತೊಂದು ನಿದರ್ಶನ. ಹಳೆಯ ಚಿತ್ರವೂ ತಾರೆಯ ಹೆಸರಿನಲ್ಲಿ ಮತ್ತೆ ಮತ್ತೆ ದುಡಿಯಬಲ್ಲದು.

ನಾಯಕಿಯರ ಪಾಲು

ತಾರೆ ಎಂಬ ಪದ ವ್ಯಾಪಾರದ ಮಾತಿನಲ್ಲಿ ನಾಯಕನಿಗೆ ಮೀಸಲಾದಂತಿದೆ. ಇತಿಹಾಸ ಹಾಗೆ ಹೇಳುವುದಿಲ್ಲ. ಪುಟ್ಟಣ್ಣ ಕಣಗಾಲ್ ನಿರ್ದೇಶನದ 'ಗೆಜ್ಜೆಪೂಜೆ' ಮತ್ತು 'ಶರಪಂಜರ' ಚಿತ್ರಗಳು ಕಲ್ಪನಾ ಅವರ ಅಭಿನಯದ ಬಲದ ಮೇಲೆ ನಿಂತವು. 'ಮಿನುಗುತಾರೆ' ಎಂಬ ಬಿರುದು ಅವರ ಹೆಸರಿಗೇ ಅಂಟಿಕೊಂಡಿತು. ಜಯಂತಿ, ಭಾರತಿ, ಆರತಿ, ಮಂಜುಳಾ ಅವರಿಗೆ ತಮ್ಮದೇ ಪ್ರೇಕ್ಷಕವರ್ಗವಿತ್ತು. 1989ರ 'ನಂಜುಂಡಿ ಕಲ್ಯಾಣ'ದಿಂದ ಬೆಳಕಿಗೆ ಬಂದ ಮಾಲಾಶ್ರೀ ತೊಂಬತ್ತರ ದಶಕದ ಆರಂಭದಲ್ಲಿ ನಾಯಕನ ಹಂಗಿಲ್ಲದೆ ಸಾಹಸ ಚಿತ್ರಗಳನ್ನು ಗೆಲ್ಲಿಸಿದರು.

ಆದರೆ ಈ ಗೆಲುವುಗಳು ಪದ್ಧತಿಯಾಗಿ ಬೇರೂರಲಿಲ್ಲ. ನಾಯಕನ ಮಾರುಕಟ್ಟೆ ಎರಡು ಮೂರು ದಶಕ ಬಾಳಿದರೆ ನಾಯಕಿಯದು ಹಲವು ಬಾರಿ ಮದುವೆಯೊಂದಿಗೆ ಮುಗಿಯುತ್ತದೆ. ಅಭಿಮಾನಿ ಸಂಘ, ಪ್ರದೇಶವಾರು ಹಂಚಿಕೆ, ಸಾಹಸಪ್ರಧಾನ ಕಥೆ ಎಲ್ಲವೂ ನಾಯಕನ ಸುತ್ತ ಹೆಣೆದುಕೊಂಡಿರುವುದರಿಂದ ಸಂಭಾವನೆಯ ಅಂತರ ಕಡಿಮೆಯಾಗಿಲ್ಲ.

ತಾರೆಯಿಲ್ಲದ ಗೆಲುವು

ಕನ್ನಡ ಚಿತ್ರರಂಗದ ದೊಡ್ಡ ತಿರುವುಗಳಲ್ಲಿ ಹಲವು ಬಂದದ್ದು ಅಂದು ತಾರೆಯರಲ್ಲದವರಿಂದ. 1972ರ 'ನಾಗರಹಾವು' ಬರುವ ಮುನ್ನ ವಿಷ್ಣುವರ್ಧನ್ ಹೊಸ ಮುಖ. ಅದೇ ಚಿತ್ರದ ಪುಟ್ಟ ಪಾತ್ರದಿಂದ ಅಂಬರೀಷ್ ಗುರುತಿಸಿಕೊಂಡರು. ಅಲ್ಲಿ ಜನರನ್ನು ಕರೆತಂದ ಹೆಸರು ನಿರ್ದೇಶಕ ಪುಟ್ಟಣ್ಣನವರದು.

2006ರ ಡಿಸೆಂಬರ್ ಕೊನೆಯಲ್ಲಿ ತೆರೆಕಂಡ ಯೋಗರಾಜ ಭಟ್ ನಿರ್ದೇಶನದ 'ಮುಂಗಾರು ಮಳೆ'ಯ ನಾಯಕ ಗಣೇಶ್ ಆಗ ಕಿರುತೆರೆಯ ಹಾಸ್ಯ ಕಾರ್ಯಕ್ರಮದಿಂದ ಪರಿಚಿತರು. ಮನೋಮೂರ್ತಿ ಸಂಗೀತ, ಜಯಂತ ಕಾಯ್ಕಿಣಿ ಗೀತೆ, ಸಕಲೇಶಪುರ ಕಡೆಯ ಮಳೆ ಮತ್ತು ಮಾತಿನ ಹೊಸತನ ಚಿತ್ರವನ್ನು ಗೆಲ್ಲಿಸಿದವು. ಬೆಂಗಳೂರಿನ ಮಲ್ಟಿಪ್ಲೆಕ್ಸ್‌ನಲ್ಲಿ ಅದು ವರ್ಷಕ್ಕೂ ಮಿಕ್ಕಿ ಓಡಿತು. ಚಿತ್ರ ಗೆದ್ದ ಮೇಲೆ ಗಣೇಶ್ ತಾರೆಯಾದರು. ಪ್ರೇಕ್ಷಕರ ಹಣದಿಂದ ತಯಾರಾದ ಪವನ್ ಕುಮಾರ್ ಅವರ 'ಲೂಸಿಯಾ' (2013), ಮಂಡ್ಯ ಸೀಮೆಯ ಹಳ್ಳಿಗರೇ ನಟಿಸಿದ ರಾಮ್ ರೆಡ್ಡಿ ಅವರ 'ತಿಥಿ', 2016ರ 'ಕಿರಿಕ್ ಪಾರ್ಟಿ' ಇದೇ ಸಾಲಿಗೆ ಸೇರುತ್ತವೆ. 'ತಿಥಿ' 2015ರ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದಿತು.

ತೀರಾ ಈಚಿನ ಉದಾಹರಣೆ ಜೆ.ಪಿ. ತುಮಿನಾಡ್ ನಿರ್ದೇಶನದ 'ಸು ಫ್ರಮ್ ಸೋ'. 2025ರ ಜುಲೈ 25ರಂದು ಸದ್ದುಗದ್ದಲವಿಲ್ಲದೆ ತೆರೆಕಂಡ ಈ ಕರಾವಳಿ ಹಾಸ್ಯಚಿತ್ರ ಬಾಯಿಮಾತಿನ ಪ್ರಚಾರದಿಂದಲೇ ನೂರು ಕೋಟಿ ರೂ. ಗಳಿಕೆ ದಾಟಿತೆಂದು ವರದಿಯಾಯಿತು. ಅದೇ ಹೊತ್ತಿನಲ್ಲಿ ಒಂದು ಮಾತನ್ನು ಮರೆಯುವಂತಿಲ್ಲ. ವರ್ಷವೊಂದಕ್ಕೆ ಇನ್ನೂರರ ಆಸುಪಾಸಿನಲ್ಲಿ ಕನ್ನಡ ಚಿತ್ರಗಳು ತೆರೆಕಾಣುತ್ತಿದ್ದು, ಹೊಸಬರ ಬಹುಪಾಲು ಚಿತ್ರಗಳು ಒಂದು ವಾರವೂ ನಿಲ್ಲದೆ ಮರೆಯಾಗುತ್ತವೆ. ಗೆದ್ದ ಒಂದು ಚಿತ್ರ ಎಲ್ಲರ ಕಣ್ಣಿಗೆ ಬೀಳುತ್ತದೆ. ಸೋತ ನೂರು ಚಿತ್ರಗಳ ನಿರ್ಮಾಪಕರು ಸದ್ದಿಲ್ಲದೆ ಊರಿಗೆ ಮರಳುತ್ತಾರೆ.

ಅರ್ಥಶಾಸ್ತ್ರ ಏನೆನ್ನುತ್ತದೆ?

ಅಮೆರಿಕದ ಅರ್ಥಶಾಸ್ತ್ರಜ್ಞ ಶೆರ್ವಿನ್ ರೋಸನ್ 1981ರಲ್ಲಿ ಪ್ರಕಟಿಸಿದ ಪ್ರಬಂಧ ಈ ವಿಷಯದಲ್ಲಿ ಪ್ರಸಿದ್ಧ. ಒಂದೇ ಅಭಿನಯವನ್ನು ಲಕ್ಷಾಂತರ ಮಂದಿಗೆ ಏಕಕಾಲಕ್ಕೆ ತಲುಪಿಸಬಲ್ಲ ತಂತ್ರಜ್ಞಾನವಿದ್ದಾಗ, ಪ್ರತಿಭೆಯಲ್ಲಿನ ಅಲ್ಪ ವ್ಯತ್ಯಾಸವೂ ಆದಾಯದಲ್ಲಿ ಅಗಾಧ ವ್ಯತ್ಯಾಸವಾಗುತ್ತದೆ ಎಂಬುದು ಅವರ ವಾದ. ಮೊದಲ ಸ್ಥಾನದ ನಟನಿಗೂ ಹತ್ತನೆಯ ಸ್ಥಾನದ ನಟನಿಗೂ ಅಭಿನಯದಲ್ಲಿ ಹತ್ತುಪಟ್ಟು ಅಂತರವಿರಬೇಕಾಗಿಲ್ಲ, ಸಂಭಾವನೆಯಲ್ಲಿ ಇರುತ್ತದೆ.

ಆರ್ಥರ್ ಡಿ ವ್ಯಾನಿ ಮತ್ತು ಡೇವಿಡ್ ವಾಲ್ಸ್ 1999ರಲ್ಲಿ ಹಾಲಿವುಡ್‌ನ ಎರಡು ಸಾವಿರಕ್ಕೂ ಹೆಚ್ಚು ಚಿತ್ರಗಳ ಗಳಿಕೆಯನ್ನು ಪರಿಶೀಲಿಸಿ, ತಾರೆಯ ಹೆಸರು ಯಶಸ್ಸಿಗೆ ಖಾತರಿಯಲ್ಲವೆಂದು ತೋರಿಸಿದರು. ತಾರೆಯಿಂದ ಚಿತ್ರಕ್ಕೆ ಹೆಚ್ಚು ಪರದೆಗಳು ಸಿಗುತ್ತವೆ, ಆರಂಭ ಚೆನ್ನಾಗಿರುತ್ತದೆ. ನಂತರದ ಓಟವನ್ನು ನಿರ್ಧರಿಸುವುದು ನೋಡಿದವರು ಆಡುವ ಮಾತು. ಎಸ್. ಅಬ್ರಹಾಂ ರವಿದ್ ಅವರ ಅದೇ ವರ್ಷದ ಅಧ್ಯಯನಕ್ಕೂ ತಾರೆಗೂ ಲಾಭಕ್ಕೂ ಸ್ಪಷ್ಟ ನಂಟು ಕಾಣಲಿಲ್ಲ. ಕಾರಣ ಸರಳ: ತಾರೆ ಹೆಚ್ಚು ಹಣ ತಂದರೂ ಆ ಹೆಚ್ಚುವರಿಯನ್ನು ಸಂಭಾವನೆಯ ರೂಪದಲ್ಲಿ ಮೊದಲೇ ಪಡೆದಿರುತ್ತಾನೆ. ಭಾರತದ ಪರಿಸ್ಥಿತಿ ಹಾಲಿವುಡ್‌ಗಿಂತ ಭಿನ್ನವಾದರೂ ಗಾಂಧಿನಗರದ ಅನುಭವಕ್ಕೆ ಈ ತೀರ್ಮಾನ ದೂರವೇನಲ್ಲ.

ಗಡಿ ದಾಟಿದ ಮೇಲೆ

2018ರ ಡಿಸೆಂಬರ್ 21ರಂದು ಐದು ಭಾಷೆಗಳಲ್ಲಿ ತೆರೆಕಂಡ 'ಕೆ.ಜಿ.ಎಫ್.' ಕನ್ನಡ ತಾರೆಯ ಮಾರುಕಟ್ಟೆಯ ಅಳತೆಗೋಲನ್ನೇ ಬದಲಿಸಿತು. ಪ್ರಶಾಂತ್ ನೀಲ್ ನಿರ್ದೇಶನ, ಹೊಂಬಾಳೆ ಫಿಲ್ಮ್ಸ್ ನಿರ್ಮಾಣದ ಈ ಚಿತ್ರದ ಎರಡನೇ ಭಾಗ 2022ರ ಏಪ್ರಿಲ್ 14ರಂದು ಬಿಡುಗಡೆಯಾಗಿ ಜಗತ್ತಿನಾದ್ಯಂತ ಸಾವಿರ ಕೋಟಿ ರೂ. ಮೀರಿದ ಗಳಿಕೆ ಕಂಡಿತು. ಅದೇ ಸಂಸ್ಥೆಯ 'ಕಾಂತಾರ' 2022ರ ಸೆಪ್ಟೆಂಬರ್ 30ರಂದು ಕನ್ನಡದಲ್ಲಿ ಮಾತ್ರ ತೆರೆಕಂಡು, ಜನರ ಬೇಡಿಕೆಯ ಮೇರೆಗೆ ಇತರ ಭಾಷೆಗಳಿಗೆ ಹೋಯಿತು. ಅದರ ನಟ-ನಿರ್ದೇಶಕ ರಿಷಬ್ ಶೆಟ್ಟಿ ರಾಷ್ಟ್ರಪ್ರಶಸ್ತಿ ಪಡೆದರು. 2025ರ ಅಕ್ಟೋಬರ್ 2ರಂದು ಬಂದ 'ಕಾಂತಾರ ಅಧ್ಯಾಯ 1' ಎಂಟುನೂರು ಕೋಟಿ ರೂ. ದಾಟಿತೆಂದು ವರದಿಗಳು ತಿಳಿಸಿದವು. ಇಂತಹ ಅಂಕಿಗಳು ವ್ಯಾಪಾರಿ ವಲಯದ ಅಂದಾಜುಗಳೇ ಹೊರತು ಲೆಕ್ಕಪರಿಶೋಧನೆಗೆ ಒಳಪಟ್ಟವಲ್ಲ ಎಂಬುದನ್ನು ಗಮನದಲ್ಲಿಡಬೇಕು. ತಾರೆಯರ ಸಂಚಾರವೂ ಹೆಚ್ಚಿದೆ. 2023ರ ತಮಿಳು ಚಿತ್ರ 'ಜೈಲರ್'ನಲ್ಲಿ ಕೆಲವೇ ನಿಮಿಷ ಕಾಣಿಸಿಕೊಂಡ ಶಿವರಾಜ್‌ಕುಮಾರ್ ತಮಿಳು ಪ್ರೇಕ್ಷಕರ ಶಿಳ್ಳೆ ಗಿಟ್ಟಿಸಿದರು.

ಈ ಬೆಳವಣಿಗೆಗೆ ಇನ್ನೊಂದು ಮುಖವಿದೆ. ಚಿತ್ರದ ಗಾತ್ರ ಹಿಗ್ಗಿದಂತೆ ತಯಾರಿಕೆಯ ಅವಧಿಯೂ ಹಿಗ್ಗಿತು. 'ಕೆ.ಜಿ.ಎಫ್.' ಎರಡನೇ ಭಾಗದ ನಂತರ 2025 ಮುಗಿಯುವವರೆಗೂ ಯಶ್ ನಾಯಕತ್ವದ ಹೊಸ ಚಿತ್ರ ತೆರೆಗೆ ಬರಲಿಲ್ಲ. 2024ರ ಮೊದಲಾರ್ಧ ದೊಡ್ಡ ಚಿತ್ರಗಳಿಲ್ಲದೆ ಸೊರಗಿತು. 'ಭೀಮ', 'ಕೃಷ್ಣಂ ಪ್ರಣಯ ಸಖಿ' ಬಂದದ್ದು ಆಗಸ್ಟ್‌ನಲ್ಲಿ. ಉಪೇಂದ್ರರ 'ಯುಐ', ಸುದೀಪ್ ಅವರ 'ಮ್ಯಾಕ್ಸ್' ಬಂದದ್ದು ಡಿಸೆಂಬರ್‌ನಲ್ಲಿ, ಅದೂ ಐದು ದಿನಗಳ ಅಂತರದಲ್ಲಿ. ತಾರೆಯರ ಚಿತ್ರಗಳು ಹಬ್ಬ, ರಜೆಗಳ ಹೊತ್ತಿನಲ್ಲಿ ಒಟ್ಟಿಗೆ ನುಗ್ಗುವುದು, ಉಳಿದ ತಿಂಗಳುಗಳಲ್ಲಿ ಚಿತ್ರಮಂದಿರಗಳು ಖಾಲಿ ಬೀಳುವುದು ರೂಢಿಯಾಗುತ್ತಿದೆ.

ಇದರ ಪೆಟ್ಟು ಮೊದಲು ಬೀಳುವುದು ಏಕಪರದೆ ಚಿತ್ರಮಂದಿರಗಳಿಗೆ. ಬೆಂಗಳೂರಿನ ಕೆಂಪೇಗೌಡ ರಸ್ತೆಯ ಆಸುಪಾಸಿನಲ್ಲಿ ಸಾಲುಸಾಲಾಗಿದ್ದ ಚಿತ್ರಮಂದಿರಗಳಲ್ಲಿ ಹಲವು ಮಳಿಗೆಗಳಾಗಿ ಮಾರ್ಪಟ್ಟಿವೆ ಇಲ್ಲವೇ ನೆಲಸಮವಾಗಿವೆ. ಐದು ದಶಕಗಳ ಇತಿಹಾಸವಿದ್ದ ಕಾವೇರಿ ಚಿತ್ರಮಂದಿರ 2024ರಲ್ಲಿ ಬಾಗಿಲು ಮುಚ್ಚಿತು. ಜಿಲ್ಲೆ, ತಾಲ್ಲೂಕು ಕೇಂದ್ರಗಳಲ್ಲಿ ಕಲ್ಯಾಣಮಂಟಪಗಳಾದ ಚಿತ್ರಮಂದಿರಗಳಿಗೆ ಲೆಕ್ಕವಿಲ್ಲ. ಗೇಟ್ ಕೀಪರ್, ಬುಕಿಂಗ್ ಗುಮಾಸ್ತ, ಪ್ರೊಜೆಕ್ಟರ್ ಆಪರೇಟರ್, ಸೈಕಲ್ ಸ್ಟ್ಯಾಂಡಿನವನು, ಎದುರಿನ ಕಡಲೆಕಾಯಿ ಗಾಡಿಯವನು ಇವರೆಲ್ಲರ ದಿನಗೂಲಿ ತಾರೆಯ ಕಾಲ್‌ಶೀಟ್‌ಗೆ ಅಂಟಿಕೊಂಡಿರುತ್ತದೆ.

ಟಿಕೆಟ್ ದರವೂ ಇದೇ ಚರ್ಚೆಯ ಭಾಗ. ದೊಡ್ಡ ತಾರೆಯ ಚಿತ್ರ ಬಂದಾಗ ಮಲ್ಟಿಪ್ಲೆಕ್ಸ್‌ಗಳಲ್ಲಿ ದರ ಗಗನಕ್ಕೇರುತ್ತದೆಂಬ ಆಕ್ಷೇಪದ ಹಿನ್ನೆಲೆಯಲ್ಲಿ ರಾಜ್ಯ ಸರಕಾರ 2025ರ ಸೆಪ್ಟೆಂಬರ್‌ನಲ್ಲಿ ತೆರಿಗೆ ಹೊರತುಪಡಿಸಿ 200 ರೂ. ಗರಿಷ್ಠ ಮಿತಿ ನಿಗದಿಪಡಿಸಿತು. ಹೈಕೋರ್ಟ್ ಅದೇ ತಿಂಗಳು ಅದಕ್ಕೆ ಮಧ್ಯಂತರ ತಡೆ ನೀಡಿತು. ನಾಲ್ಕು ಮಂದಿಯ ಕುಟುಂಬವೊಂದು ತಿಂಗಳಿಗೆ ಒಂದು ಚಿತ್ರ ನೋಡುವಷ್ಟೇ ಹಣ ಎತ್ತಿಟ್ಟರೆ ಅದು ಹೋಗುವುದು ತಾರೆಯ ಚಿತ್ರಕ್ಕೆ. ಹೊಸಬರ ಚಿತ್ರ ಮೊಬೈಲಿನಲ್ಲಿ ಬರುವವರೆಗೆ ಕಾಯುತ್ತದೆ. ದುಬಾರಿ ಟಿಕೆಟ್ ತಾರೆಯ ಬೆಲೆಯನ್ನು ಏರಿಸುತ್ತದೆ, ಹೊಸಬನ ಬಾಗಿಲನ್ನು ಕಿರಿದಾಗಿಸುತ್ತದೆ.

ಉಳಿಯುವ ಪ್ರಶ್ನೆ

ತಾರೆಯಿಂದ ಚಿತ್ರಕ್ಕೆ ಸಿಗುವುದು ಮೊದಲ ಮೂರು ದಿನದ ಜನಸಂದಣಿ, ಹಕ್ಕುಗಳ ಮಾರಾಟಕ್ಕೊಂದು ಹೆಸರು ಮತ್ತು ಸಾಲ ಕೊಡುವವನಿಗೊಂದು ಧೈರ್ಯ. ನಾಲ್ಕನೆಯ ದಿನದಿಂದ ಚಿತ್ರ ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು. ಸಂಭಾವನೆಯ ಒಂದು ಭಾಗವನ್ನು ಲಾಭದ ಪಾಲಾಗಿ ಪಡೆಯುವುದು, ವರ್ಷಕ್ಕೆ ಕನಿಷ್ಠ ಒಂದು ಚಿತ್ರ ನೀಡುವುದು, ಸ್ವಂತ ಸಂಸ್ಥೆಯ ಮೂಲಕ ಹೊಸಬರಿಗೆ ಅವಕಾಶ ಕೊಡುವುದು ಎಂಬ ಸಲಹೆಗಳು ವಾಣಿಜ್ಯ ಮಂಡಳಿಯ ಅಂಗಳದಲ್ಲಿ ಆಗಾಗ ಕೇಳಿಬರುತ್ತವೆ. ಪುನೀತ್ ಅವರ ಪಿ.ಆರ್.ಕೆ. ಪ್ರೊಡಕ್ಷನ್ಸ್ ಕೊನೆಯದನ್ನು ಮಾಡಿ ತೋರಿಸಿತ್ತು. 'ಸು ಫ್ರಮ್ ಸೋ' ಚಿತ್ರವನ್ನು ನಟ ರಾಜ್ ಬಿ. ಶೆಟ್ಟಿ ನಿರ್ಮಿಸಿದ್ದೂ ಅದೇ ದಾರಿಯ ಹೆಜ್ಜೆ.

1960ರಲ್ಲಿ ನಾಲ್ವರು ಕಲಾವಿದರು ಸೇರಿ ಚಿತ್ರ ತೆಗೆದದ್ದು ಉದ್ಯಮಕ್ಕೆ ಕೆಲಸ ಸಿಗಲೆಂದು. ಅಂದು ತಾರೆಯ ಹೆಸರನ್ನು ನೆಚ್ಚಿಕೊಂಡವರು ಹಲವರು, ಇಂದೂ ಹಲವರು. ಬದಲಾಗಿರುವುದು ಆ ಹೆಸರಿಗೆ ತೆರಬೇಕಾದ ಮೊತ್ತ ಮತ್ತು ಅದಕ್ಕಾಗಿ ಕಾಯಬೇಕಾದ ಕಾಲ.